ಐದನೆಯ ಕುರ್ಚಿ

ನಮ್ಮೂರು ಕ್ರುಶ್ಕೊವೊದ ಶಾಲೆಯಲ್ಲಿ ಓದಿದವರು ಮುಖ್ಯೋಪಾಧ್ಯಾಯರ ಹೆಸರು ಮರೆತಿರಬಹುದು, ಆದರೆ ಯಾಗೊದಾ ಬುಕಾಲ್ ಹೆಸರನ್ನು ಯಾರೂ ಮರೆತಿಲ್ಲ. ಅವಳು ಶಾಲೆಯ ಅಡುಗೆಯವಳು. ನಾವು ಮಕ್ಕಳಾಗಿದ್ದಾಗ ಸೌಟು ಹಿಡಿದು ಬಾಗಿಲಲ್ಲಿ ನಿಂತು, ತಟ್ಟೆಯಲ್ಲಿ ಸಾರು ಬಿಟ್ಟು ಏಳುವವರನ್ನು ಹೆಸರು ಹಿಡಿದು ಕೂಗುತ್ತಿದ್ದಳು.

“ನಿಮ್ಮಪ್ಪನೂ ಹಿಂಗೇ ಬಿಡ್ತಿದ್ದ ಕಣೋ. ಈಗ ನೋಡು, ಗಾಳಿ ಬಂದ್ರೆ ಕಂಬ ಹಿಡ್ಕೋತಾನೆ!”

ನಮ್ಮ ಮನೆಯಲ್ಲಿ ಕಾಲೇಜು ಓದಿದ ಮೊದಲಿಗ ನಾನು. ಓದು ಮುಗಿಸಿ ಅದೇ ಶಾಲೆಗೆ ಮೇಷ್ಟ್ರಾಗಿ ಬಂದ ದಿನ ಅವಳು ನನ್ನನ್ನು ಅಡುಗೆಮನೆಗೆ ಕರೆದು, ಮಕ್ಕಳಿಗೆ ಬಡಿಸುವ ತಟ್ಟೆಯಲ್ಲೇ ಬೀನ್ಸ್ ಕಾಳಿನ ಸಾರು ಹಾಕಿಕೊಟ್ಟು, ಖಾಲಿಯಾಗುವ ತನಕ ಎದುರಿಗೇ ನಿಂತಿದ್ದಳು. ಊರಿನ ನನ್ನ ವಯಸ್ಸಿನವರೆಲ್ಲ ಅವಳನ್ನು ಚಿಕ್ಕಮ್ಮ ಅನ್ನುತ್ತಿದ್ದೆವು. ಅವಳು ನನ್ನನ್ನು “ಮೇಷ್ಟ್ರೇ” ಅನ್ನುತ್ತಿದ್ದಳು, ಜೊತೆಗೆ “ಬಾರೋ, ಹೋಗೋ” ಎನ್ನುವುದನ್ನೂ ಬಿಡಲಿಲ್ಲ.

ಸೆರ್ಬರಿಗೂ ಕ್ರೊಯಾಟರಿಗೂ ಯುದ್ಧವಾದ ವರ್ಷ ಅವಳು ಗಂಡ ಮಿಯೊನ ಜೊತೆ ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟಿದ್ದಳು. ಸಮುದ್ರದ ಬದಿಯ ಹೋಟೆಲೊಂದರ ಕೋಣೆಯಲ್ಲಿ, ಪ್ರವಾಸಿಗಳಿಗೆಂದು ಹಾಕಿದ್ದ ಮಂಚದ ಮೇಲೆ, ನಿರಾಶ್ರಿತರಾಗಿ ವರ್ಷಗಟ್ಟಲೆ ಕಳೆದರು. ಅವರು ಹಿಂದಿರುಗುವ ಹೊತ್ತಿಗೆ ಪಕ್ಕದ ಮನೆಯ ಲುಬಾನ್ ಮತ್ತು ಸ್ತಾನಾ ಊರು ಬಿಟ್ಟಿದ್ದರು. ಅವರು ಸೆರ್ಬರು, ಇವರು ಕ್ರೊಯಾಟರು. ಎಷ್ಟೋ ವರ್ಷದ ಮೇಲೆ ಅವರೂ ಬಂದರು. ಎರಡೂ ಮನೆಗಳವರು ಸುಟ್ಟ ಗೋಡೆಗಳ ಮೇಲೆ ಹೊಸ ಚಾವಣಿ ಹಾಕಿಕೊಂಡರು. ಆದರೆ ಬೇಲಿಯ ಆಚೆಯವರು ಈಚೆಯವರನ್ನು ಮಾತಾಡಿಸಲಿಲ್ಲ. ಸ್ತಾನಾಳ ಕೋಳಿ ಈಚೆ ಬಂದರೆ ಚಿಕ್ಕಮ್ಮ ಅದನ್ನು ಎತ್ತಿ ಬೇಲಿಯಾಚೆ ಬಿಡುತ್ತಿದ್ದಳು, ಅಷ್ಟೇ ಅವರ ನಡುವಿನ ವ್ಯವಹಾರ.

ಭೂಮಿ ನಡುಗಿದ್ದು ಎರಡು ಕ್ರಿಸ್‌ಮಸ್‌ಗಳ ನಡುವೆ. ನಮ್ಮದು ಡಿಸೆಂಬರಿನ ಹಬ್ಬ, ಮುಗಿದಿತ್ತು; ಸೆರ್ಬರದು ಜನವರಿಯಲ್ಲಾದ್ದರಿಂದ ಲುಬಾನ್ ಮನೆಯದು ಇನ್ನೂ ಬರಬೇಕಿತ್ತು. ಮಧ್ಯಾಹ್ನದ ಊಟದ ಹೊತ್ತು. ಎರಡೂ ಮನೆ ಒಟ್ಟಿಗೇ ಬಿದ್ದವು. ಆ ಸಂಜೆ ಹಿಮದಲ್ಲಿ ಬೆಂಕಿ ಹಾಕಿಕೊಂಡು ಕೂತಾಗ ಸ್ತಾನಾ ತನ್ನ ಹಬ್ಬಕ್ಕೆಂದು ಹೊಗೆಗಿಟ್ಟಿದ್ದ ಹಂದಿಯ ತೊಡೆಯನ್ನು ಇಟ್ಟಿಗೆಗಳ ಅಡಿಯಿಂದ ಎಳೆದು ತಂದು ಚಿಕ್ಕಮ್ಮನ ಮಡಿಲಲ್ಲಿ ಇಟ್ಟಳು.

“ಚಾಕು ಇದ್ರೆ ಕೊಯ್ಯಿ. ನನ್ ಚಾಕು ಮನೆ ಒಳಗೇ ಹೋಯ್ತು,” ಅಂದಳು.

ಯುದ್ಧದ ನಂತರ ಆ ಇಬ್ಬರು ಹೆಂಗಸರ ನಡುವೆ ನಡೆದ ಮೊದಲ ಮಾತು ಅದು.

ಆಮೇಲೆ ಫುಟ್ಬಾಲ್ ಮೈದಾನದ ಪಕ್ಕದಲ್ಲಿ ಕಂಟೇನರುಗಳನ್ನು ಸಾಲಾಗಿ ಇಳಿಸಿದರು. ನಾವು ಅವನ್ನು ಡಬ್ಬಿ ಅನ್ನುತ್ತೇವೆ. ಬೇಸಿಗೆಯಲ್ಲಿ ಒಳಗೆ ಕೂರಲಾಗದು, ಚಳಿಗಾಲದಲ್ಲಿ ಒಳಗೋಡೆಯ ಮೇಲೆ ನೀರು ಇಳಿಯುತ್ತದೆ. ಒಂದು ವರ್ಷ ಅಂದಿದ್ದರು. ಮನೆ ಕಟ್ಟಿಕೊಡುವ ಅರ್ಜಿಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋದವು, ಅಳತೆಯವರು ಬಂದರು, ಹೋದರು, ಬೇರೆ ಅಳತೆಯವರು ಬಂದರು. ಮೂರನೆಯ ಚಳಿಗಾಲದಲ್ಲಿ ಹೀಟರಿನ ತಂತಿ ಕಾದು ಲುಬಾನನ ಡಬ್ಬಿಗೆ ಬೆಂಕಿ ಹೊತ್ತಿಕೊಂಡಿತು. ಲುಬಾನ್ ಸೌದೆ ತರಲು ಹೊರಗೆ ಹೋಗಿದ್ದ. ಸ್ತಾನಾ ಒಳಗಿದ್ದಳು. ಡಬ್ಬಿಯ ಬಾಗಿಲು ಶಾಖಕ್ಕೆ ಉಬ್ಬಿಕೊಂಡು ತೆರೆಯಲಿಲ್ಲ. ಚಿಕ್ಕಮ್ಮ ಸೌದೆ ಸೀಳುವ ಕೊಡಲಿಯಿಂದ ಆ ತಗಡಿಗೆ ಹೊಡೆದಳು. ಅದು ಬಗ್ಗಿತೇ ಹೊರತು ಬಿರಿಯಲಿಲ್ಲ.

ಅಧಿಕಾರಿಗಳು ಬರೆದುಕೊಂಡದ್ದು “ವೈಯಕ್ತಿಕ ಅಜಾಗರೂಕತೆ” ಎಂದು. ಲುಬಾನನಿಗೆ ಬೇರೆ ಡಬ್ಬಿ ಕೊಟ್ಟರು.

ಮರುವರ್ಷ ವಸಂತದಲ್ಲಿ ಪಾರ್ಲಿಮೆಂಟ್ ಚುನಾವಣೆ ಬಂತು. ನಮ್ಮಲ್ಲಿ ಮತ ಹಾಕುವುದು ಒಬ್ಬ ವ್ಯಕ್ತಿಗಲ್ಲ, ಅಭ್ಯರ್ಥಿಗಳ ಪಟ್ಟಿಗೆ. ನಮ್ಮ ಕ್ಷೇತ್ರದಲ್ಲಿ ಆಳುವ ಪಕ್ಷದ ಪಟ್ಟಿಗೆ ಮುಂದಾಳು ವೆದ್ರಾನ್ ಶಿಪೆಕ್. ನಮ್ಮ ಕಡೆಯ ಮನೆ ಕಟ್ಟುವ ಕೆಲಸದ ಉಸ್ತುವಾರಿ ಅವನದೇ ಆಗಿತ್ತು. ಒಂದು ಸಭೆಯಲ್ಲಿ ಅವನು, “ಕಂಟೇನರುಗಳಲ್ಲಿ ಈಗ ಯಾರೂ ಇಲ್ಲ, ಇದ್ದರೆ ಅವರ ಇಷ್ಟದಿಂದ ಇದ್ದಾರೆ,” ಅಂದದ್ದನ್ನು ಟೀವಿಯಲ್ಲಿ ತೋರಿಸಿದರು. ಆಗ ನಾನು ಚಿಕ್ಕಮ್ಮನ ಡಬ್ಬಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ.

ಚಿಕ್ಕಮ್ಮ ಕೇಳಿದಳು: “ಮೇಷ್ಟ್ರೇ, ಚುನಾವಣೆ ಮುಂಚೆ ಅವರೆಲ್ಲ ಒಂದು ಮೇಜಿನ ಸುತ್ತ ಕೂತು ಜಗಳ ಆಡ್ತಾರಲ್ಲ, ಅಲ್ಲಿ ಕೂರಬೇಕಾದ್ರೆ ಏನ್ ಮಾಡಬೇಕು?”

“ಪಟ್ಟಿಯ ಮುಂದಾಳಾಗಿರಬೇಕು ಚಿಕ್ಕಮ್ಮ.”

“ಪಟ್ಟಿ ಮಾಡೋಕೆ?”

“ಹದಿನಾಲ್ಕು ಜನ ಅಭ್ಯರ್ಥಿಗಳು ಬೇಕು. ಆಮೇಲೆ ಸಹಿ ಬೇಕು, ನೂರಾರು.”

“ಮಾಡು ಹಂಗಾದ್ರೆ.”

“ಪಾರ್ಲಿಮೆಂಟಿಗೆ ಹೋಗಿ ಏನ್ ಮಾಡ್ತೀಯ?”

“ಪಾರ್ಲಿಮೆಂಟ್ ಯಾರಿಗೆ ಬೇಕೋ? ಅಲ್ಲಿಗೆ ಅಡುಗೆಯವರು ಇದ್ದಾರೆ. ನಂಗೆ ಆ ಮೇಜು ಸಾಕು. ಅವನು ಆ ಮಾತನ್ನ ಇನ್ನೊಂದ್ಸಲ ಹೇಳ್ಬೇಕು, ನಾನು ಎದುರಿಗಿರಬೇಕು. ಸ್ತಾನಾ ಯಾರು, ಎಲ್ಲಿ ಸತ್ಲು, ಯಾಕೆ ಸತ್ಲು ಅಂತ ಅವನ ಮುಖ ನೋಡ್ಕೊಂಡು ಹೇಳ್ತೀನಿ. ಆಮೇಲೆ ಬಂದು ಬೀನ್ಸ್ ನೆನೆ ಹಾಕ್ತೀನಿ.”

ಮಿಯೊ ಹಾಸಿಗೆಯ ಮೇಲಿಂದಲೇ ಅಂದ: “ಇವಳ್ನ ಎದುರಿಗೆ ಕೂರಿಸ್ಕೊಂಡು ಮೂವತ್ತೆಂಟು ವರ್ಷ ಆಯ್ತು ನಂಗೆ. ಪಾಪ ಅವನಿಗೆ ಒಂದು ಗಂಟೆ ತಾನೆ.”

ಹಾಗೆ ನಮ್ಮ ಪಟ್ಟಿ ಹುಟ್ಟಿತು. ಅದಕ್ಕೆ “ಸೂರು” ಎಂದು ಹೆಸರಿಟ್ಟೆವು. ಸಹಿ ಸಂಗ್ರಹಕ್ಕೆ ಸುತ್ತಲಿನ ಪೇಟೆಗಳ ಸಂತೆಗಳಲ್ಲಿ ಮಡಚುವ ಮೇಜು ಹಾಕಿಕೊಂಡು ನಿಂತೆವು. ಬೇರೆ ಊರಿನವರು, ಗುರುತಿಲ್ಲದವರು ನಿಂತು ಸಹಿ ಹಾಕಿದರು. ನಮ್ಮ ಮೈದಾನದ ಡಬ್ಬಿಗಳವರು ಮಾತ್ರ ಹಾಕಲಿಲ್ಲ. ಕೋಳಿ ಸಾಕುವ ವಿಧವೆ ಸ್ಲಾವಿಚಾ ಚಿಕ್ಕಮ್ಮನ ಕೈ ಹಿಡಿದು, “ಸಹಿ ಬೇಡ ಅಕ್ಕ, ಅದನ್ನ ಯಾರಾದ್ರೂ ಓದ್ತಾರೆ. ಮತ ನಿಂಗೇ, ಅದು ಯಾರಿಗೂ ಕಾಣಲ್ಲ,” ಅಂದಳು. ಚಿಕ್ಕಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮನೆಯ ಅರ್ಜಿಗಳು ಯಾರ ಕೈಯಲ್ಲಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಸಹಿಗಳು ಹೇಗೋ ತುಂಬಿದವು.

ಚರ್ಚೆ ನಡೆಸುವುದು ಜಿಲ್ಲಾಕೇಂದ್ರದ ಒಂದು ಟೀವಿ ವಾಹಿನಿ. ಅದರ ಚುನಾವಣಾ ವಿಭಾಗದ ಸಂಪಾದಕಿ ನೆವೆಂಕಾ ಎಂಬಾಕೆಯನ್ನು ನೋಡಲು ನನ್ನ ಹಳೆಯ ಕಾರಿನಲ್ಲಿ ಹೋದೆವು. ಚಿಕ್ಕಮ್ಮ ಗಸಗಸೆ ತುಂಬಿದ ಸುರುಳಿ ರೊಟ್ಟಿ ಮಾಡಿಕೊಂಡು ಬಂದಿದ್ದಳು. ನೆವೆಂಕಾ ಅದನ್ನು ನೋಡಿ ಗಾಬರಿಯಾದರು.

“ಅಯ್ಯೋ, ಚುನಾವಣೆ ಹೊತ್ತಲ್ಲಿ ನಾನು ಯಾವ ಪಟ್ಟಿಯವರ ಕೈಯಿಂದಲೂ ಏನೂ ತಗೊಳ್ಳೋ ಹಾಗಿಲ್ಲಮ್ಮ.”

“ನಿಮಗಲ್ಲ ತಾಯಿ. ಹೊರಗೆ ದೀಪ ಹೊತ್ಕೊಂಡು ಓಡಾಡ್ತಾರಲ್ಲ, ಅವರಿಗೆ. ಮುಖ ಒಣಗಿದೆ ಅವರದು.”

ನೆವೆಂಕಾ ನಕ್ಕರು. ಅವರು ಕೆಟ್ಟವರಲ್ಲ. ಐವತ್ತು ದಾಟಿದ, ಕಣ್ಣ ಕೆಳಗೆ ಕಪ್ಪಾದ, ಮಾತಾಡುತ್ತಲೇ ಎರಡು ಫೋನು ನೋಡುವ ಹೆಂಗಸು. ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

“ಈ ಸಲ ಹದಿನಾರು ಪಟ್ಟಿ. ಹಿಂದೆ ಕಾನೂನು ಎಲ್ಲರನ್ನೂ ಕೂರಿಸಿ ಅಂತಿತ್ತು, ಕೂರಿಸ್ತಿದ್ವಿ. ಎರಡು ಸಾಲು ಬೆಂಚು. ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ಕೊನೆಯವರ ಸರದಿ ಬರೋ ಹೊತ್ತಿಗೆ ಮೊದಲನೆಯವರು ಏನಂದ್ರು ಅಂತ ಅವರಿಗೇ ಮರೆತಿರ್ತಿತ್ತು. ಒಬ್ಬರಂತೂ ಕೂತಲ್ಲೇ ಗೊರಕೆ ಹೊಡೆದ್ರು, ನೇರ ಪ್ರಸಾರದಲ್ಲಿ. ಯಾರೂ ಯಾರಿಗೂ ಉತ್ತರ ಕೊಡ್ತಿರಲಿಲ್ಲ. ದೊಡ್ಡ ಪಕ್ಷದವರಿಗೆ ಅದೇ ಬೇಕಾಗಿತ್ತು. ಈಗ ಕಾನೂನು ಬದಲಾಗಿದೆ, ಯಾರನ್ನ ಕರೀಬೇಕು ಅಂತ ನಾವೇ ತೀರ್ಮಾನಿಸಬಹುದು.”

“ಹೆಂಗೆ ತೀರ್ಮಾನಿಸ್ತೀರಿ?” ಚಿಕ್ಕಮ್ಮ ಕೇಳಿದಳು.

“ಐದು ಕುರ್ಚಿ. ಪಾರ್ಲಿಮೆಂಟಿನಲ್ಲಿ ಈಗಾಗಲೇ ಇರೋ ನಾಲ್ಕು ಪಕ್ಷಕ್ಕೆ ನಾಲ್ಕು. ಉಳಿದ ಹನ್ನೆರಡು ಪಟ್ಟಿಗೆ ಸೇರಿ ಒಂದು. ಅದು ಫೋನ್ ಸಮೀಕ್ಷೆಯಲ್ಲಿ ಯಾರು ಮುಂದಿರ್ತಾರೋ ಅವರಿಗೆ. ರಾಜಧಾನಿಯ ಒಂದು ಸಂಸ್ಥೆ ಮಾಡಿಕೊಡತ್ತೆ. ನಮ್ಮ ಈ ಭಾಗದ ಊರುಗಳಿಗೆಲ್ಲ ಫೋನ್ ಮಾಡಿ ಕೇಳ್ತಾರೆ. ನಾನು ನನ್ನ ಇಷ್ಟದಿಂದ ಯಾರನ್ನೂ ಕೂರಿಸಲ್ಲ, ಯಾರನ್ನೂ ಎಬ್ಬಿಸಲ್ಲ. ಹಾಗೆ ಮಾಡಿದ್ರೆ ನಾಳೆ ಉಳಿದ ಹನ್ನೊಂದು ಜನ ಬಾಗಿಲಲ್ಲಿ ನಿಂತಿರ್ತಾರೆ.”

“ಸರಿಯಾಗಿದೆ,” ಅಂದಳು ಚಿಕ್ಕಮ್ಮ. ಹೊರಗೆ ಬಂದ ಮೇಲೂ ಅದನ್ನೇ ಹೇಳಿದಳು: “ಸರಿಯಾಗೇ ಇದೆ ಕಣೋ. ಜನರನ್ನೇ ಕೇಳ್ತಾರಂತೆ. ಇನ್ನೇನು ಬೇಕು?”

ಆ ಹನ್ನೆರಡರಲ್ಲಿ ನಮಗೆ ಪೈಪೋಟಿ ಕೊಡಬಲ್ಲವನು ಒಬ್ಬನೇ, ಮಾರಿಂಕೊ. ಅವನು ಮದುವೆಗಳಲ್ಲಿ ತಂಬುರಾ ಎಂಬ ಗಿಟಾರಿನಂಥ ವಾದ್ಯ ಬಾರಿಸಿ ಹಾಡುವವನು. ಹಾಡುಗಾರರ ಮೇಲಿನ ತೆರಿಗೆ ಇಳಿಸಬೇಕೆಂದು ನಿಂತಿದ್ದ. ಅವನ ಮುಖ ಎಲ್ಲರಿಗೂ ಗೊತ್ತು. ಆದರೂ ನಮ್ಮ ಕಡೆ ಡಬ್ಬಿಗಳಲ್ಲಿ ಇರುವವರು, ಇದ್ದು ಹೋದವರು, ಅವರ ನೆಂಟರು, ಇವರೆಲ್ಲ ಸೇರಿದರೆ ಸಾಕೆಂದು ನನ್ನ ಲೆಕ್ಕವಾಗಿತ್ತು.

ಫೋನುಗಳು ಬಂದ ವಾರ ಊರಿನಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ನಮಗೆ ಅದು ವಿಚಿತ್ರವೆಂದು ತೋರಬೇಕಿತ್ತು, ತೋರಲಿಲ್ಲ.

ಫಲಿತಾಂಶ ತಿಳಿದ ದಿನ ಶಾಲೆ ಬಿಟ್ಟ ಕೂಡಲೇ ನಾನೂ ಚಿಕ್ಕಮ್ಮನೂ ಮತ್ತೆ ಜಿಲ್ಲಾಕೇಂದ್ರಕ್ಕೆ ಹೋದೆವು. ಅವಳು ಏಪ್ರನ್ ಬಿಚ್ಚುವುದನ್ನೇ ಮರೆತಿದ್ದಳು. ಐದನೆಯ ಕುರ್ಚಿ ಮಾರಿಂಕೊಗೆ ಹೋಗಿತ್ತು.

“ಕೂದಲೆಳೆಯಷ್ಟು ಅಂತರ,” ಅಂದರು ನೆವೆಂಕಾ. “ಇನ್ನು ನಾಲ್ಕೈದು ಜನ ನಿಮ್ಮ ಹೆಸರು ಹೇಳಿದ್ರೂ ಕುರ್ಚಿ ನಿಮ್ಮದಾಗ್ತಿತ್ತು.”

“ಅದು ತಪ್ಪಾಗಿರಬೇಕು ತಾಯಿ. ನಮ್ಮ ಊರಿಗೆ ಅವರು ಫೋನೇ ಮಾಡಿಲ್ಲ.”

ನೆವೆಂಕಾ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: “ಮಾಡಿದ್ದಾರಮ್ಮ. ನಂಗೂ ಆಶ್ಚರ್ಯ ಆಗಿ ನಾನೇ ಆ ಸಂಸ್ಥೆಯವರನ್ನ ಕೇಳ್ದೆ. ಬೇರೆ ಊರುಗಳಲ್ಲಿ ನಿಮ್ಮ ಹೆಸರು ಹೇಳಿದ್ದಾರೆ, ಪೇಟೆಯಲ್ಲೂ ಹೇಳಿದ್ದಾರೆ. ನಿಮ್ಮ ಕಡೆ ಕಂಟೇನರು ಇರೋ ಊರುಗಳಿಂದ ಒಬ್ಬರೂ ಹೇಳಿಲ್ಲ. ಅಲ್ಲಿ ಎಲ್ಲರೂ ಶಿಪೆಕ್ ಅಂದಿದ್ದಾರೆ.”

ಕಾರಿನಲ್ಲಿ ವಾಪಸು ಬರುವಾಗ, ನದಿ ದಾಟಿದ ಮೇಲೆ ಚಿಕ್ಕಮ್ಮ, “ಅವರು ಸುಳ್ಳು ಹೇಳ್ತಿಲ್ಲ ಅಲ್ವಾ?” ಅಂದಳು. “ಇಲ್ಲ ಅನ್ಸತ್ತೆ,” ಅಂದೆ.

ಡಬ್ಬಿಯ ಬಾಗಿಲು ತೆಗೆದಾಗ ಮಿಯೊ ಒಲೆಗೆ ಸೌದೆ ಹಾಕುತ್ತಿದ್ದ. ಸ್ಲಾವಿಚಾ ಮೊಟ್ಟೆ ಕೊಡಲು ಬಂದು ಅಲ್ಲೇ ಕೂತಿದ್ದಳು. ಚಿಕ್ಕಮ್ಮ ಕೋಟು ಬಿಚ್ಚದೆ ನಡೆದದ್ದನ್ನೆಲ್ಲ ಹೇಳಿದಳು. ಹೇಳಿ ಮುಗಿಸಿದ ಮೇಲೂ ಮಿಯೊ ಒಲೆಯ ಬಾಯಿಯನ್ನೇ ನೋಡುತ್ತಿದ್ದ.

“ಮಿಯೊ,” ಅಂದಳು.

“ನಂಗೂ ಬಂದಿತ್ತು ಫೋನು.”

“ಏನಂದೆ?”

“ಮೊದಲು ಕೇಳಿದ್ದು ಏನು ಗೊತ್ತಾ? ‘ನೋಂದಾಯಿಸಿದ ವಿಳಾಸದಲ್ಲೇ ವಾಸವಾಗಿದ್ದೀರಾ?’ ಅಂತ. ಒಳ್ಳೆ ಓದಿದ ಹುಡುಗಿ ದನಿ. ಆ ಪ್ರಶ್ನೆ ಯಾರು ಕೇಳ್ತಾರೆ ಹೇಳು? ಮನೆ ಕಚೇರಿಯವರೇ ತಾನೆ ಕೇಳೋದು? ಆಮೇಲೆ ವಯಸ್ಸು ಕೇಳಿದ್ಲು, ಮನೇಲಿ ಎಷ್ಟು ಜನ ಅಂತ ಕೇಳಿದ್ಲು. ಎಲ್ಲ ಅರ್ಜೀಲಿ ಇದ್ದಿದ್ದೇ. ಅದಾದ ಮೇಲೆ, ‘ಯಾರಿಗೆ ಮತ ಹಾಕ್ತೀರಿ?’ ಅಂದ್ಲು.”

“ಏನಂದೆ ಅಂತ ಕೇಳ್ದೆ.”

“ಶಿಪೆಕ್‌ಗೆ ಅಂದೆ. ಇನ್ನೇನ್ ಅನ್ಲಿ? ನಮ್ಮ ಮನೆ ಅರ್ಜಿ ಕಟ್ಟಿನ ಅಡಿಗೆ ಬೀಳ್ಲಿ ಅಂತಾನಾ?”

“ನಾನು ನಿನ್ನ ಹೆಂಡ್ತಿ ಕಣೋ!”

“ಗೊತ್ತು. ಅದಕ್ಕೇ ಹೆದರಿದ್ದು. ‘ಬುಕಾಲ್ ಅಂದ್ರೆ ಆ ಯಾಗೊದಾ ಗಂಡ ತಾನೆ’ ಅಂತ ಪರೀಕ್ಷೆ ಮಾಡ್ತಿದ್ದಾರೆ ಅನ್ಕೊಂಡೆ.” ಅವನ ದನಿ ಏರಿತು. “ನಮ್ಮಪ್ಪನ ಕಾಲದಿಂದ ನೋಡಿದ್ದೀನಿ. ಧ್ವಜ ಬದಲಾಗ್ತಾನೇ ಇದೆ. ಯಾವನೋ ಗುರುತಿಲ್ಲದೋನು ಬಂದು, ನೀನು ಯಾರ ಕಡೆ ಅಂತ ಕೇಳಿದ್ರೆ, ಆಳೋನ ಕಡೆ ಅನ್ಬೇಕು. ಅಂದೋರು ಮಲಗಿ ನಿದ್ದೆ ಮಾಡಿದ್ರು. ಅನ್ನದೇ ಇದ್ದೋರು ಎಲ್ಲಿಗೆ ಹೋದ್ರು ಅಂತ ನಿಂಗೂ ಗೊತ್ತು.”

ಸ್ಲಾವಿಚಾ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯನ್ನು ಸುತ್ತುತ್ತಾ ಮೆಲ್ಲಗೆ ಅಂದಳು: “ನಂಗೂ ಬಂತು ಅಕ್ಕ. ನಾನೂ ಶಿಪೆಕ್ ಅಂದೆ. ದೇವರು ಅವರನ್ನ ಚೆನ್ನಾಗಿಟ್ಟಿರಲಿ ಅಂತ ಬೇರೆ ಸೇರಿಸ್ದೆ. ಆ ಹುಡುಗಿ ನಕ್ಲು.”

ಚಿಕ್ಕಮ್ಮ ಕೂತಳು. ಬೈಯುತ್ತಾಳೆ ಎಂದು ಮೂವರೂ ಕಾದೆವು. ಅವಳು ಬೈಯಲಿಲ್ಲ. ಮೊಟ್ಟೆಯ ಬುಟ್ಟಿಯನ್ನು ಬಿಸಿಲು ಬೀಳದ ಕಡೆ ಸರಿಸಿ, “ಲುಬಾನಿಗೆ?” ಅಂದಳು.

“ಅವನಿಗೂ ಬಂದಿತ್ತು,” ಅಂದ ಮಿಯೊ. “ಅವನು ಮಾತೇ ಆಡದೆ ಇಟ್ಟುಬಿಟ್ಟನಂತೆ. ನಿನ್ನ ಹೆಸರೇನು ಅಂತ ಯಾರಾದ್ರೂ ಕೇಳಿದ ಕೂಡಲೇ ಅವನಿಗೆ ಹೆದರಿಕೆ ಆಗತ್ತೆ, ಸೆರ್ಬರ ಹೆಸರಲ್ವಾ.”

ಮರುದಿನ ಚಿಕ್ಕಮ್ಮ ನೆವೆಂಕಾಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದಳು. ನಾನು ಪಕ್ಕದಲ್ಲಿದ್ದೆ. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು.

“ನಂಬ್ತೀನಮ್ಮ. ಆದ್ರೆ ಬರೀ ನನ್ನ ನಂಬಿಕೆ ಮೇಲೆ ಕುರ್ಚಿ ಹಾಕಿದ್ರೆ, ‘ನಮ್ಮವರೂ ಹೆದರ್ಕೊಂಡು ಸುಳ್ಳು ಹೇಳಿದ್ದಾರೆ’ ಅಂತ ಎಲ್ಲರೂ ಬರ್ತಾರೆ. ನಾನು ಯಾರನ್ನ ಇಲ್ಲ ಅನ್ನಲಿ? ಬೇಕಿದ್ರೆ ನೋಡೋರ ಸಾಲಿನಲ್ಲಿ ಒಂದು ಜಾಗ ಕೊಡ್ತೀನಿ. ಮಾತಾಡೋ ಹಾಗಿಲ್ಲ.”

“ಬಾಯಿ ಕಟ್ಕೊಂಡು ಕೂರೋಕೆ ಅಲ್ಲಿಗ್ಯಾಕೆ ಬರ್ಲಿ ತಾಯಿ? ಇಲ್ಲೇ ಎಲ್ಲರೂ ಹಂಗೇ ಕೂತಿದ್ದಾರೆ.”

ಉಳಿದ ದಾರಿ ಒಂದೇ ಎಂದು ಅವಳಿಗೆ ತೋರಿತು. ಮಾರಿಂಕೊನ ಮನೆಗೆ ಹೋದೆವು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದು, ನಮ್ಮನ್ನು ನೋಡಿ, ಸೋತವರು ಜಗಳಕ್ಕೆ ಬಂದರು ಎಂದುಕೊಂಡು ಮೊದಲೇ ಕೈ ಮೇಲೆತ್ತಿದ.

“ಅಕ್ಕ, ನಾನು ಯಾರಿಗೂ ಫೋನ್ ಮಾಡ್ಸಿಲ್ಲ, ದೇವರಾಣೆ!”

“ಗೊತ್ತು, ಕೂತ್ಕೋ. ನಿಂಗೆ ಒಂದು ಕೆಲಸ ಹೇಳೋಕೆ ಬಂದಿದ್ದೀನಿ.”

ಅವಳು ಅವನಿಗೆ ಎಲ್ಲವನ್ನೂ ಹೇಳಿದಳು. ಡಬ್ಬಿ, ತಂತಿ, ಉಬ್ಬಿದ ಬಾಗಿಲು, ಕೊಡಲಿ. ಮಾರಿಂಕೊ ಪ್ಲಮ್ ಸಾರಾಯಿ ಸುರಿದವನು ಕುಡಿಯುವುದನ್ನೇ ಮರೆತ. ಕೊನೆಗೆ ಅವನ ಕಣ್ಣು ತುಂಬಿತ್ತು. “ಕೇಳ್ತೀನಿ ಅಕ್ಕ. ಅವನ ಮುಖಕ್ಕೇ ಕೇಳ್ತೀನಿ,” ಅಂದ.

“ಅವನು ಏನಾದ್ರೂ ತಿರುಗಿ ಹೇಳ್ತಾನೆ. ಆಗ ಬಿಡಬೇಡ. ಅವಳ ಹೆಸರು ಸ್ತಾನಾ. ಸ್ತಾನಾ ವುಚಿನಿಚ್. ಹೇಳು ನೋಡೋಣ.”

ಮಾರಿಂಕೊ ಹೇಳಿದ. ಅವಳು ಇನ್ನೊಂದು ಸಲ ಹೇಳಿಸಿದಳು, ಮಗ್ಗಿ ಹೇಳಿಸುವವರ ಹಾಗೆ.

ಚರ್ಚೆಯ ಸಂಜೆ ಚಿಕ್ಕಮ್ಮನ ಡಬ್ಬಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೈದಾನದವರೆಲ್ಲ ಬಂದಿದ್ದರು. ಫೋನಿನಲ್ಲಿ ಶಿಪೆಕ್ ಅಂದವರೇ ಹೆಚ್ಚಿನವರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಲುಬಾನ್ ಬಾಗಿಲ ಬಳಿ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ. ಟೀವಿಯಲ್ಲಿ ಅರ್ಧಚಂದ್ರದಂತೆ ಐದು ಕುರ್ಚಿ ಹಾಕಿದ್ದರು. ಕೊನೆಯದರಲ್ಲಿ ಮಾರಿಂಕೊ, ಕೊರಳಪಟ್ಟಿ ಬಿಗಿಯಾಗಿ, ಮದುವೆಯ ದಿನದ ಗಂಡಿನ ಹಾಗೆ ಬೆವರುತ್ತಿದ್ದ.

ಪಿಂಚಣಿಯ ಮಾತಾಯಿತು, ರಸ್ತೆಯ ಮಾತಾಯಿತು. ಆಮೇಲೆ ಭೂಕಂಪದ ಮಾತು ಬಂತು. ಶಿಪೆಕ್ ನಾವು ಕಾದಿದ್ದ ಆ ವಾಕ್ಯವನ್ನು ಸರಾಗವಾಗಿ ಹೇಳಿದ: ಕಂಟೇನರುಗಳಲ್ಲಿ ಈಗ ಯಾರೂ ಇಲ್ಲ, ಇದ್ದರೆ ತಮ್ಮ ಇಷ್ಟದಿಂದ ಇದ್ದಾರೆ. ನಮ್ಮ ಡಬ್ಬಿಯಲ್ಲಿ ಯಾರೋ ಹಿಂದಿನಿಂದ, “ನಾನು ಸಮುದ್ರದ ಗಾಳಿಗೋಸ್ಕರ ಇದ್ದೀನಿ,” ಅಂದರು. ಒಂದಿಬ್ಬರು ನಕ್ಕರು.

ಮಾರಿಂಕೊ ಕೈ ಎತ್ತಿದ.

“ಕ್ರುಶ್ಕೊವೊದಲ್ಲಿ ಜನ ಇದ್ದಾರೆ ಸ್ವಾಮಿ. ನಾನು ಕೇಳಿದ್ದೀನಿ. ಅಲ್ಲಿ ಒಂದು ಕಂಟೇನರಿಗೆ ಬೆಂಕಿ ಬಿದ್ದು ಒಬ್ಬ... ಒಬ್ಬ ಮುದುಕಿ ಸತ್ತುಹೋದ್ಲು.”

“ಮುದುಕಿಗೆ ಹೆಸರಿತ್ತು,” ಅಂದ ಲುಬಾನ್, ಯಾರಿಗೂ ಅಲ್ಲದ ಹಾಗೆ.

ಶಿಪೆಕ್ ತಲೆ ಬಾಗಿಸಿ ಒಂದು ಕ್ಷಣ ದುಃಖದ ಮುಖ ಮಾಡಿದ. ಆಮೇಲೆ ಮೃದುವಾಗಿ ಮಾತಾಡಿದ.

“ಆ ದುರಂತ ನಮಗೆಲ್ಲ ನೋವು ತಂದಿದೆ. ತನಿಖೆ ಮುಗಿದಿದೆ. ಆದರೆ ಗೆಳೆಯ ಮಾರಿಂಕೊ, ನೀವು ಕೇಳಿದ್ದೀನಿ ಅಂತೀರಿ. ಈ ವಾಹಿನಿಯವರೂ ಕೇಳಿದ್ದಾರೆ. ಇದೇ ವಾರ ಫೋನ್ ಮಾಡಿ ಅದೇ ಊರುಗಳ ಜನರನ್ನೇ ಕೇಳಿದ್ದಾರೆ. ಅವರೆಲ್ಲ ನಮ್ಮ ಪಟ್ಟಿಗೇ ಮತ ಅಂದಿದ್ದಾರೆ. ಅವರದೇ ಊರಿನ ಒಂದು ಪಟ್ಟಿ ಇದೆ, ಅದಕ್ಕೂ ಅಲ್ಲ, ನಮಗೆ. ನಾನು ಕೇಳ್ತೀನಿ, ಕಷ್ಟದಲ್ಲಿ ಕೈಬಿಟ್ಟವರಿಗೇ ಮತ ಅಂತ ಯಾರಾದರೂ ಹೇಳ್ತಾರಾ?”

ಮಾರಿಂಕೊ ಬಾಯಿ ತೆರೆದ. ಇದಕ್ಕೇನು ಹೇಳಬೇಕೆಂಬ ಪಾಠವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಡೆಸಿಕೊಡುವವರು ಧನ್ಯವಾದ ಹೇಳಿ ಆರೋಗ್ಯದ ವಿಷಯಕ್ಕೆ ಹೋದರು.

“ಹೇಳ್ತಾರೆ,” ಅಂದಳು ಚಿಕ್ಕಮ್ಮ, ಟೀವಿಯ ಕಡೆಗೇ ನೋಡುತ್ತಾ. “ಹೇಳ್ತಾರೆ ಕಣೋ. ಕಷ್ಟದಲ್ಲಿರೋರೇ ಹಾಗೆ ಹೇಳೋದು.”

ಶಿಪೆಕ್‌ನ ಎದುರು ಐದನೆಯ ಕುರ್ಚಿಯಲ್ಲಿ ಕೂತು ಆಡಬೇಕಾಗಿದ್ದ ಮಾತು ಅದು. ಬೆವರಿನ, ಸೌದೆ ಹೊಗೆಯ ವಾಸನೆಯ ಆ ಡಬ್ಬಿಯಲ್ಲಿ ನಾವಷ್ಟೇ ಅದನ್ನು ಕೇಳಿದೆವು. ಮಿಯೊ ಮುಖವನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡಿದ್ದ. ಜನ ಒಬ್ಬೊಬ್ಬರಾಗಿ ಎದ್ದು, ಸಾವಿನ ಮನೆಯಿಂದ ಹೊರಡುವವರಂತೆ ಹೇಳದೆ ಹೋದರು. ಸ್ಲಾವಿಚಾ ಮಾತ್ರ ಬಾಗಿಲಲ್ಲಿ ನಿಂತು, “ಅಕ್ಕ, ಭಾನುವಾರ ನಿಂಗೇ ಹಾಕ್ತೀನಿ,” ಅಂದಳು.

“ಗೊತ್ತು, ಹೋಗು. ಕೋಳಿ ಮುಚ್ಚು.”

ಭಾನುವಾರ ಅವರು ಮಾತು ಉಳಿಸಿಕೊಂಡರು. ಪರದೆಯ ಹಿಂದೆ ಯಾರೂ ನೋಡದ ಕಡೆ ನಮ್ಮ ಊರು ಒಂದಿಷ್ಟೂ ಹೆದರಲಿಲ್ಲ. ನಮ್ಮ ಮತಪೆಟ್ಟಿಗೆಯಲ್ಲಿ ಶಿಪೆಕ್‌ನ ಪಟ್ಟಿಗೆ ಬಿದ್ದದ್ದು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಸೂರಿಗೆ. ಆದರೆ ಕ್ಷೇತ್ರ ದೊಡ್ಡದು. ಬೇರೆ ಕಡೆಯ ಬಹುಪಾಲು ಜನಕ್ಕೆ ಯಾಗೊದಾ ಬುಕಾಲ್ ಯಾರೆಂದೇ ಗೊತ್ತಿರಲಿಲ್ಲ, ಗೊತ್ತುಮಾಡಬಹುದಾಗಿದ್ದ ಒಂದು ಗಂಟೆ ಕಳೆದುಹೋಗಿತ್ತು. ಶಿಪೆಕ್ ಗೆದ್ದ. ಮಾರಿಂಕೊ ಸೋತು ಮದುವೆಗಳಿಗೆ ಹಿಂದಿರುಗಿದ. ಸೋಮವಾರ ಚಿಕ್ಕಮ್ಮ ಶಾಲೆಗೆ ಬಂದು ಬೀನ್ಸ್ ಬೇಯಿಸಿದಳು. ಅಂದು ಯಾವ ಮಗುವೂ ತಟ್ಟೆಯಲ್ಲಿ ಬಿಡಲಿಲ್ಲ, ಬಿಟ್ಟಿದ್ದರೂ ಅವಳು ನೋಡುತ್ತಿರಲಿಲ್ಲವೇನೋ.

ಮಿಯೊನನ್ನು ನಾನು ಒಮ್ಮೆ ಕೇಳಿದೆ, “ಈಗ ಫೋನ್ ಬಂದ್ರೆ ಏನಂತೀಯ ಚಿಕ್ಕಪ್ಪ?” ಎಂದು. ಅವನು ಒಲೆಗೆ ಇನ್ನೊಂದು ಸೌದೆ ತಳ್ಳಿದ.

“ಅದನ್ನೇ ಅಂತೀನಿ ಕಣಪ್ಪ. ಅರ್ಜಿ ಇನ್ನೂ ಅಲ್ಲೇ ಇದೆಯಲ್ಲ.”

ಶರತ್ಕಾಲದಲ್ಲಿ ಲುಬಾನ್ ಗಡಿಯಾಚೆಯ ಮಗಳ ಮನೆಗೆ ಹೋದ. ಹೋಗುವ ಮುನ್ನ ಚಿಕ್ಕಮ್ಮನ ಡಬ್ಬಿಗೆ ಬಂದು ಸ್ತಾನಾಳ ಗೋರಿಯ ಮೇಲೆ ವರ್ಷಕ್ಕೊಮ್ಮೆ ದೀಪ ಹಚ್ಚಲು ಹೇಳಿದ. ಅವರ ಪದ್ಧತಿಯಲ್ಲಿ ಸತ್ತವರಿಗೆ ದೀಪ ಹಚ್ಚುವುದು ಯಾವ ದಿನ ಎಂದು ಅವಳು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಳು. ನವೆಂಬರಿನಲ್ಲಿ ಸ್ಲಾವಿಚಾ ನಿದ್ದೆಯಲ್ಲೇ ತೀರಿಕೊಂಡಳು. ಇನ್ನೆರಡು ಕುಟುಂಬ ಕೆಲಸ ಹುಡುಕಿಕೊಂಡು ಐರ್ಲೆಂಡಿಗೆ ಹೋದವು.

ಮೊದಲ ಹಿಮ ಬಿದ್ದ ಬೆಳಿಗ್ಗೆ ಕ್ರೇನಿನ ಲಾರಿ ಬಂತು. ಲುಬಾನನ ಡಬ್ಬಿಗೆ ಸರಪಳಿ ಬಿಗಿದು ಎತ್ತಿದರು. ಅಡಿಯಲ್ಲಿ ಹುಲ್ಲು ಹಳದಿಯಾಗಿ ಒತ್ತಿಹೋಗಿತ್ತು. ನಾನೂ ಚಿಕ್ಕಮ್ಮನೂ ಶಾಲೆಗೆ ಹೊರಟವರು ನಿಂತು ನೋಡಿದೆವು.

“ಎಲ್ಲಿಗಪ್ಪ ತಗೊಂಡು ಹೋಗ್ತೀಯ?” ಅವಳು ಚಾಲಕನನ್ನು ಕೇಳಿದಳು.

“ಡಿಪೋಗೆ ಅಜ್ಜಿ. ಖಾಲಿ ಆದಂಗೆಲ್ಲ ತರೋಕೆ ಹೇಳಿದ್ದಾರೆ. ಸ್ಲಾವಿಚಾ ಅನ್ನೋರದು ಯಾವುದು?”

ಅವಳು ತೋರಿಸಿದಳು. ಚಾಲಕ ಆ ಕಡೆ ಲಾರಿ ತಿರುಗಿಸಿದ.

“ನೋಡ್ದಾ ಮೇಷ್ಟ್ರೇ?” ಅಂದಳು ಚಿಕ್ಕಮ್ಮ. “ಡಬ್ಬೀಲಿ ಯಾರೂ ಇಲ್ಲ ಅಂತ ಆಗ ಆ ಶಿಪೆಕ್ ಹೇಳಿದ್ದು ಸುಳ್ಳು. ಹಿಂಗೇ ಒಂದೊಂದೇ ಎತ್ತಿಕೊಂಡು ಹೋದ್ರೆ, ಮುಂದಿನ ಚುನಾವಣೆ ಹೊತ್ತಿಗೆ ನಿಜ ಆಗತ್ತೆ.”

ಅವಳು ಶಾಲೆಯ ಕಡೆ ಹೆಜ್ಜೆ ಹಾಕಿದಳು. ಒಲೆ ಹಚ್ಚುವ ಹೊತ್ತಾಗಿತ್ತು.